ಗದ್ದೆ ಬಯಲಿನ ಲೇಔಟ್‌ನಲ್ಲಿ ಸೈಟ್ ತಗೊಳ್ಳಬಹುದಾ? ನೀರಿನ ದಾರಿ ಬಗ್ಗೆ ತಿಳಿದವರು ಹೇಳಿ

ಪ್ರಶ್ನೆ: ನಿಟ್ಟುವಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಪ್ರೈಮರಿ ಶಾಲೆ ಟೀಚರ್. ನಮ್ಮ ಮನೆಯವರದು ಮೋಟಾರ್ ವೈಂಡಿಂಗ್ ಅಂಗಡಿ. ನಿಟ್ಟುವಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಕ್ಕಳಿಬ್ಬರೂ ದೊಡ್ಡವರಾಗುತ್ತಿದ್ದಾರೆ, ಅತ್ತೆಯವರೂ ಜೊತೆಗಿದ್ದಾರೆ. ಒಂದು 30-40 ಸೈಟ್ ತಗೊಂಡು ಸಣ್ಣದೊಂದು ಮನೆ ಕಟ್ಟಬೇಕು ಅಂತ ಬಹಳ ದಿನದ ಆಸೆ.

ಈಗ ಊರ ಹೊರಗೆ ಒಂದು ಹೊಸ ಲೇಔಟ್ ನೋಡಿದ್ದೇವೆ. ರೇಟು ನಮ್ಮ ಕೈಗೆ ಎಟಕುವಂತಿದೆ. ಶಾಲೆಗೂ ದೂರವಿಲ್ಲ. ಹೆಸರು ಇಲ್ಲಿ ಬರೆಯುವುದಿಲ್ಲ. ಇಂಥ ಲೇಔಟ್‌ಗಳು ಊರ ಸುತ್ತ ಬೇಕಾದಷ್ಟಿವೆ, ನನ್ನ ಪ್ರಶ್ನೆ ಎಲ್ಲದಕ್ಕೂ ಸೇರಿದ್ದು.

ಆ ಜಾಗ ಮೊನ್ನೆ ಮೊನ್ನೆವರೆಗೂ ಭತ್ತದ ಗದ್ದೆ. ಭದ್ರಾ ಚಾನಲ್ ನೀರಿನಲ್ಲಿ ಬೆಳೆ ತೆಗೆಯುತ್ತಿದ್ದರು. ಲೇಔಟಿನ ಒಂದು ಅಂಚಿಗೆ ಹಳ್ಳ ಇದೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಅದರಲ್ಲೇ ಇಳಿಯಬೇಕು. ಈಗ ಆ ಹಳ್ಳದ ಅರ್ಧದಷ್ಟು ಅಗಲಕ್ಕೆ ಮಣ್ಣು ಸುರಿದಿದ್ದಾರೆ. ಲೇಔಟಿಗೆ ಹೋಗುವ ರಸ್ತೆ ಹಳ್ಳ ದಾಟುವ ಕಡೆ ಎರಡು ಸಿಮೆಂಟ್ ಪೈಪ್ ಇಟ್ಟು ಮೇಲೆ ಜಲ್ಲಿ ಹಾಕಿದ್ದಾರೆ. ಗದ್ದೆಗಳ ನಡುವೆ ಇದ್ದ ಹೊಲಗಾಲುವೆಯ ಗುರುತೇ ಉಳಿದಿಲ್ಲ.

ನೀರು ಎಲ್ಲಿಂದ ಬರುತ್ತದೆ ಅಂತ ಕೇಳಿದೆ. ಎರಡು ಬೋರ್ ಇದೆ, ಮುಂದೆ ಕಾರ್ಪೊರೇಷನ್ ನೀರು ಬಂದೇ ಬರುತ್ತದೆ ಅಂದರು. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿದೆ. ಯುಜಿಡಿ, ಅಂದರೆ ಒಳಚರಂಡಿ ಲೈನ್ ತೋರಿಸಿದರು. ಲೈನ್ ಇರುವುದು ನಿಜ. ಅದರ ಜಾಡು ಹಿಡಿದು ಕೊನೆವರೆಗೂ ನಡೆದುಕೊಂಡು ಹೋದೆ. ಅದೇ ಹಳ್ಳದ ದಂಡೆಯಲ್ಲಿ ಒಂದು ಮ್ಯಾನ್‌ಹೋಲ್ ಇದೆ, ಲೈನ್ ಅಲ್ಲಿಗೇ ಮುಗಿಯುತ್ತದೆ. ಊರಿನ ದೊಡ್ಡ ಲೈನಿಗೆ ಜೋಡಣೆ ಇಲ್ಲ.

ನನ್ನ ತವರು ಹರಿಹರ ತಾಲ್ಲೂಕಿನಲ್ಲಿ, ಹೊಳೆ ದಂಡೆಯ ಊರು. ಈ ಕಡೆಯ ಹಳ್ಳಗಳ ನೀರು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕಲುಷಿತ ನದಿಗಳ ಪಟ್ಟಿ ಮಾಡಿದಾಗ ಕರ್ನಾಟಕದ 17 ನದಿಗಳ ಭಾಗಗಳು ಅದರಲ್ಲಿದ್ದವು. ಹರಿಹರದಿಂದ ಕೆಳಗಿನ ತುಂಗಭದ್ರೆಯೂ ಅದರಲ್ಲಿ ಒಂದು. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹರಿಹರದವರೆಗೆ ನಿರ್ಮಲ ತುಂಗಭದ್ರಾ ಪಾದಯಾತ್ರೆ ನಡೆಯಿತು. ಹೊಳೆ ಉಳಿಯಲಿ ಅಂತ ಅಷ್ಟು ಜನ ನಡೆದರು. ನಮ್ಮ ಮನೆ ಬಚ್ಚಲ ನೀರು ನೇರ ಹಳ್ಳಕ್ಕೆ ಬಿಟ್ಟು ನಾನು ಅದೇ ಹೊಳೆಗೆ ಬಾಗಿನ ಕೊಡಲಾರೆ.

ಮನೆ ಕಟ್ಟುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ ಸ್ವಂತ ಸೂರಿನ ಬೆಲೆ ಗೊತ್ತು. ಆದರೆ ಮನೆಯೂ ಆಗಬೇಕು, ಹಳ್ಳವೂ ಉಳಿಯಬೇಕು. ಅದು ಆಗದ ಮಾತಲ್ಲ ಅಂತ ನನ್ನ ನಂಬಿಕೆ. ಸೈಟ್ ತಗೊಳ್ಳುವ ಮೊದಲು ನಮ್ಮಂಥವರು ಏನೇನು ನೋಡಬೇಕು? ಯಾವ ಕಾಗದ ಕೇಳಬೇಕು? ಹಳ್ಳ ಮುಚ್ಚಿದ್ದು ಸರಿಯಾ ತಪ್ಪಾ ಅಂತ ಎಲ್ಲಿ ತಿಳಿಯುತ್ತದೆ? ದಯವಿಟ್ಟು ತಿಳಿದವರು ಬಿಡಿಸಿ ಹೇಳಿ.

ಉತ್ತರ: ಸರಪಳಿ ಹಿಡಿದವನು

ಮೇಡಂ, ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ನೀವು ಲೈನಿನ ಕೊನೆವರೆಗೂ ನಡೆದುಕೊಂಡು ಹೋಗಿದ್ದೀರಿ, ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಬಹಳಷ್ಟು ಜನ ಸೈಟಿನ ನಾಲ್ಕು ಕಲ್ಲು ನೋಡಿ ವಾಪಸ್ ಬರುತ್ತಾರೆ.

ಮೊದಲು ಹಳ್ಳದ ವಿಷಯ. ಆ ಜಮೀನಿನ ಸರ್ವೆ ನಂಬರ್ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಸೈಟ್ ನಂಬರ್ ಅಲ್ಲ, ಹಳೇ ಸರ್ವೆ ನಂಬರ್. ಆಮೇಲೆ ಗ್ರಾಮ ನಕ್ಷೆ ತೆಗೆಸಿ. ಅದರಲ್ಲಿ ಹಳ್ಳ, ಕೆರೆ, ಬಂಡಿ ದಾರಿ ಎಲ್ಲ ಗುರುತಾಗಿರುತ್ತದೆ. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲೇ ನಿಂತು ನೋಡಿದರೂ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ, ಪಕ್ಕದಲ್ಲಿ ಏನಿದೆ ಅಂತ ಅಂದಾಜು ಸಿಗುತ್ತದೆ. ಆ್ಯಪ್ ಅಂದಾಜಿಗೆ ಮಾತ್ರ. ತಕರಾರು ಬಂದರೆ ನಿಲ್ಲುವುದು ಮೂಲ ನಕ್ಷೆ, ಟಿಪ್ಪಣಿ (ಮೂಲ ಅಳತೆಯ ದಾಖಲೆ), ಆಕಾರ್‌ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣದ ದಾಖಲೆ).

ಪಹಣಿಯ 3ನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಅಂತ ಇರುತ್ತದೆ, ಎ ಮತ್ತು ಬಿ ಅಂತ ಬೇರೆ ಬೇರೆ. ಎ ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ, ಕಲ್ಲು ಬಂಡೆ ಇತ್ಯಾದಿ. ಬಿ ಖರಾಬು ಅಂದರೆ ಸಾರ್ವಜನಿಕರದ್ದು. ಹಳ್ಳ, ಕಾಲುವೆ, ದಾರಿ ಇವೆಲ್ಲ ಅದರಲ್ಲಿ ಬರುತ್ತವೆ. ಜಮೀನಿನ ಮಾಲೀಕ ಅದನ್ನು ಮಾರುವ ಹಾಗಿಲ್ಲ, ಯಾಕೆಂದರೆ ಅದು ಅವನದ್ದಲ್ಲ. ಭೂ ಪರಿವರ್ತನೆ ಆದೇಶ ಬಂದ ಮಾತ್ರಕ್ಕೆ ಬಿ ಖರಾಬು ಸೈಟ್ ಆಗುವುದಿಲ್ಲ. ಪರಿವರ್ತನೆ ಆದೇಶದ ಪೂರ್ತಿ ಪ್ರತಿ ಕೇಳಿ, ಮೊದಲ ಪುಟ ಮಾತ್ರ ಅಲ್ಲ. ಷರತ್ತುಗಳೆಲ್ಲ ಹಿಂದಿನ ಪುಟಗಳಲ್ಲಿರುತ್ತವೆ. ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ ತಗೊಂಡು ಗ್ರಾಮ ನಕ್ಷೆ ಪಕ್ಕ ಇಡಿ. ಗ್ರಾಮ ನಕ್ಷೆಯಲ್ಲಿ ಹಳ್ಳ ಇದ್ದ ಕಡೆ ಲೇಔಟ್ ನಕ್ಷೆಯಲ್ಲಿ ಏನಿದೆ? ಹಳ್ಳವೇ ಇದ್ದರೆ, ಅದರ ಪಕ್ಕ ಖಾಲಿ ಪಟ್ಟಿ ಬಿಟ್ಟಿದ್ದರೆ, ನಕ್ಷೆ ಸರಿಯಿದೆ, ಕೆಲಸ ತಪ್ಪಾಗಿದೆ ಅಂತ ಅರ್ಥ. ದೂರು ಕೊಟ್ಟರೆ ಸರಿಪಡಿಸಬಹುದು. ನಕ್ಷೆಯಲ್ಲೇ ಹಳ್ಳ ಮಾಯವಾಗಿದ್ದರೆ ಆ ಕಡೆ ತಲೆ ಹಾಕಬೇಡಿ.

ಇನ್ನೊಂದು ವಿಷಯ ಇದೆ, ಇದು ನಮ್ಮ ಕಡೆಯವರಿಗೆ ಬಹಳ ಮುಖ್ಯ. ಹೊಲಗಾಲುವೆ, ಬಸಿಗಾಲುವೆಗಳು ಹಳೇ ಗ್ರಾಮ ನಕ್ಷೆಯಲ್ಲಿ ಸಿಗುವುದಿಲ್ಲ. ನಕ್ಷೆ ಹಳೇ ಕಾಲದ್ದು, ಭದ್ರಾ ನಾಲೆ ಬಂದಿದ್ದು ಆಮೇಲೆ. ಹಾಗಾಗಿ ನಕ್ಷೆಯಲ್ಲಿ ಇಲ್ಲ ಅಂತ ತೋರಿಸಿ ಕಾಲುವೆ ಮುಚ್ಚುವುದು ಸುಲಭ. ಅದರ ದಾಖಲೆ ಇರುವುದು ನೀರಾವರಿ ನಿಗಮದ ಕಚೇರಿಯಲ್ಲಿ, ಮತ್ತೆ ಕಾಡಾದಲ್ಲಿ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದಲ್ಲಿ. ಆ ಸರ್ವೆ ನಂಬರಿಗೆ ನೀರಾವರಿ ನಿಗಮ ನಿರಾಕ್ಷೇಪಣಾ ಪತ್ರ ಕೊಟ್ಟಿದೆಯಾ, ಕೊಟ್ಟಿದ್ದರೆ ಕಾಲುವೆ ಬಗ್ಗೆ ಏನು ಬರೆದಿದೆ ಅಂತ ನೋಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಕೊಡಲೇಬೇಕು.

ಕೆರೆ ಹತ್ತಿರದ ಸೈಟ್ ನೋಡುವವರಿಗೂ ಒಂದು ಮಾತು. 2014ರ ಕೆರೆ ಸಂರಕ್ಷಣೆ ಕಾಯ್ದೆಯಲ್ಲಿ ಕೆರೆ ಅಂಚಿನಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟಬಾರದು ಅಂತ ಮಾಡಿದರು. ಕೆರೆಯ ವಿಸ್ತೀರ್ಣದ ಮೇಲೆ ಈ ಅಂತರ ಬದಲಿಸುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ಕಾನೂನು ಎಷ್ಟು ಮೀಟರ್ ಅಂದರೂ ನೀರು ಅದನ್ನು ಓದಿಕೊಂಡು ಬರುವುದಿಲ್ಲ. ಕೋಡಿ ಎಲ್ಲಿದೆ, ಕೋಡಿ ನೀರು ಯಾವ ಕಡೆ ಇಳಿಯುತ್ತದೆ, ಇವೆರಡನ್ನೂ ಕಣ್ಣಾರೆ ನೋಡಿ ಸೈಟ್ ಆರಿಸಿ.

ಉತ್ತರ: ಕೊನೆ ಭಾಗದ ರೈತ

ಟೀಚರಮ್ಮ, ನಾನು ಭದ್ರಾ ಅಚ್ಚುಕಟ್ಟಿನ ಕೊನೆ ಭಾಗದವನು. ನಿಮ್ಮ ಪ್ರಶ್ನೆ ಓದಿ ಮನಸ್ಸಿಗೆ ಸಮಾಧಾನ ಆಯಿತು. ಸೈಟ್ ತಗೊಳ್ಳುವವರು ಹೊಲಗಾಲುವೆ ಬಗ್ಗೆ ಕೇಳಿದ್ದನ್ನು ನಾನು ಇದೇ ಮೊದಲು ನೋಡುತ್ತಿರುವುದು.

ಮೇಲೆ ಒಂದು ಗದ್ದೆ ಲೇಔಟ್ ಆದರೆ ಕೆಳಗಿನವರಿಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಹೊಲಗಾಲುವೆ ಮುಚ್ಚಿದರೆ ನೀರು ನಮ್ಮ ತನಕ ಬರುವುದಿಲ್ಲ. ಬಸಿಗಾಲುವೆ ಮುಚ್ಚಿದರೆ ಬಂದ ನೀರು ಹೋಗುವುದಿಲ್ಲ. ಒಂದು ಗದ್ದೆ ಒಣಗುತ್ತದೆ, ಇನ್ನೊಂದು ಗದ್ದೆ ಜವುಳು ಹಿಡಿಯುತ್ತದೆ. ಎರಡೂ ಕಡೆ ಭತ್ತ ಇಲ್ಲ. ಆಮೇಲೆ ಅವರೂ ಏನು ಮಾಡುತ್ತಾರೆ? ಬೇಸತ್ತು ಲೇಔಟಿಗೆ ಕೊಡುತ್ತಾರೆ. ಒಬ್ಬರು ಕೊಟ್ಟರೆ ಪಕ್ಕದವರೂ ಕೊಡಲೇಬೇಕಾಗುವ ಹಾಗೆ ಆಗುತ್ತದೆ. ನಮ್ಮ ಬಯಲಿನಲ್ಲಿ ಕಣ್ಣೆದುರೇ ಹೀಗೆ ಆಗಿದೆ.

ಗದ್ದೆ ಮಾರಿದವರನ್ನು ದಯವಿಟ್ಟು ಬಯ್ಯಬೇಡಿ. ಮಗಳ ಮದುವೆ, ಬ್ಯಾಂಕ್ ಸಾಲ, ಕೂಲಿ ಆಳು ಸಿಗದಿರುವುದು, ಎಲ್ಲ ಸೇರಿ ಮಾರುತ್ತಾರೆ. 2023ರಲ್ಲಿ ಭದ್ರಾ ತುಂಬಲಿಲ್ಲ. ಡ್ಯಾಮಿನ ಪೂರ್ಣ ಮಟ್ಟ 186 ಅಡಿ. ಆ ವರ್ಷ ಮಳೆಗಾಲದ ಬೆಳೆಗೆ ನಾಲೆ ನೀರು ಬಿಟ್ಟು, ನಡುವೆ ನಿಲ್ಲಿಸಿದರು. ದಾವಣಗೆರೆಯಲ್ಲಿ ನಾವೆಲ್ಲ ಬೀದಿಗಿಳಿದೆವು. ರಾಜ್ಯದಲ್ಲಿ 223 ತಾಲ್ಲೂಕು ಬರ ಅಂತ ಸರ್ಕಾರವೇ ಹೇಳಿದ ವರ್ಷ ಅದು. ಮತ್ತೆ 2025ರ ಜೂನ್‌ನಲ್ಲಿ ಬಲದಂಡೆ ನಾಲೆ ಹತ್ತಿರ ಕುಡಿಯುವ ನೀರಿನ ಯೋಜನೆಗೆ ಅಗೆದಾಗ ಮತ್ತೆ ಹೋರಾಟ. ಆ ಕಡೆ ಹೊಸದುರ್ಗ, ತರೀಕೆರೆಯವರಿಗೂ ಕುಡಿಯಲು ನೀರು ಬೇಕು, ಅದು ನಮಗೂ ಗೊತ್ತು. ಡ್ಯಾಮಿನ ನೀರು ಇದ್ದಷ್ಟೇ, 71.5 ಟಿಎಂಸಿ. ಕೇಳುವವರು ಮಾತ್ರ ಜಾಸ್ತಿ ಆಗುತ್ತಲೇ ಇದ್ದಾರೆ. ಹೊಸ ಮನೆಗಳೂ ಅದೇ ನೀರನ್ನೇ ಕೇಳುತ್ತವೆ ಅಲ್ವಾ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಲೇಔಟ್ ಮಾಡಿ, ಆದರೆ ಕಾಲುವೆ ಇದ್ದ ಜಾಗದಲ್ಲೇ ಇರಲಿ. ಸಿಮೆಂಟ್ ಮಾಡಿಸಿ, ಪಕ್ಕ ಗಿಡ ಹಾಕಿ, ಮೇಲೆ ಸಣ್ಣ ಸೇತುವೆ ಕಟ್ಟಿ, ಏನಾದರೂ ಮಾಡಿ. ನೀರು ಮಾತ್ರ ಕೆಳಗೆ ಬರಲಿ. ನಾಲ್ಕು ಸೈಟ್ ಕಡಿಮೆ ಆಗಬಹುದು. ಅದಕ್ಕೆ ಬದಲು ಕೆಳಗೆ ಎಷ್ಟೋ ಎಕರೆ ಉಳಿಯುತ್ತದೆ.

ಉತ್ತರ: ಸೈಟ್ ಇಂಜಿನಿಯರ್

ನಾನು ಸಿವಿಲ್ ಇಂಜಿನಿಯರ್, ಮನೆ ಕಟ್ಟಿಸುವುದೇ ನನ್ನ ಕಸುಬು. ಮೇಲಿನವರ ಮಾತೆಲ್ಲ ಒಪ್ಪುತ್ತೇನೆ. ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು. ದಾವಣಗೆರೆ ಊರಿನ ಜನಸಂಖ್ಯೆ 2011ರ ಜನಗಣತಿಯಲ್ಲೇ 4.35 ಲಕ್ಷದ ಹತ್ತಿರ ಇತ್ತು. ಆಮೇಲೆ ಬೆಳೆಯುತ್ತಲೇ ಇದೆ. ಸುತ್ತಲಿನ ತಾಲ್ಲೂಕಿನವರು ಓದಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಇಲ್ಲಿಗೇ ಬರುತ್ತಾರೆ. ಅವರಿಗೆಲ್ಲ ಮನೆ ಬೇಕು. ಲೇಔಟ್ ಬೇಡವೇ ಬೇಡ ಅಂದರೆ ಬಾಡಿಗೆ ಏರುತ್ತದೆ, ಬಡವರು ಹಳ್ಳದ ಅಂಗಳದಲ್ಲೇ ಶೆಡ್ ಹಾಕಿಕೊಳ್ಳುತ್ತಾರೆ. ಮೊದಲು ನೀರು ನುಗ್ಗುವುದು ಅವರ ಮನೆಗೇ. ಊರೊಳಗೆ ಖಾಲಿ ಬಿದ್ದಿರುವ ಸೈಟುಗಳು ಎಷ್ಟಿವೆ ನೋಡಿ. ಪೈಪ್, ಚರಂಡಿ, ರಸ್ತೆ ಎಲ್ಲ ಇದ್ದೂ ಬರೀ ಬೆಲೆ ಏರಲಿ ಅಂತ ಬಿಟ್ಟಿದ್ದಾರೆ. ಮೊದಲು ಅಲ್ಲಿ ಮನೆ ಏಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಲೆಕ್ಕ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿಯುತ್ತಾರೆ. ಮನೆಗೆ 5 ಜನ ಅಂದರೆ 675 ಲೀಟರ್. 400 ಸೈಟಿನ ಲೇಔಟ್ ತುಂಬಿದರೆ ದಿನಕ್ಕೆ 2.7 ಲಕ್ಷ ಲೀಟರ್. ಅದರಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಗೆ ಬರುತ್ತದೆ, ಅಂದರೆ 2.16 ಲಕ್ಷ ಲೀಟರ್. ಟೀಚರ್ ನೋಡಿದ ಆ ಮ್ಯಾನ್‌ಹೋಲ್ ಊರಿನ ಲೈನಿಗೆ ಸೇರದಿದ್ದರೆ ಇಷ್ಟೂ ದಿನಾಲೂ ಹಳ್ಳಕ್ಕೆ. ಮಳೆಗಾಲ ಬಿಟ್ಟರೆ ಆ ಹಳ್ಳದಲ್ಲಿ ಹರಿಯುವುದೆಲ್ಲ ಅದೇ ಆಗುತ್ತದೆ.

ಎರಡು ಪೈಪ್ ವಿಷಯಕ್ಕೆ ಬರುತ್ತೇನೆ. ಹಳ್ಳ 20 ಅಡಿ ಅಗಲ, 4 ಅಡಿ ಆಳ ಅಂತ ಇಟ್ಟುಕೊಳ್ಳಿ. ನೀರು ಹರಿಯಲು 80 ಚದರಡಿ ಬಾಯಿ ಇದೆ. 3 ಅಡಿ ವ್ಯಾಸದ ಎರಡು ಪೈಪ್ ಸೇರಿದರೂ 14 ಚದರಡಿ ಆಗುತ್ತದೆ. ಕಸ, ಪ್ಲಾಸ್ಟಿಕ್, ಅಡಿಕೆ ಸೋಗೆ ಬಂದು ಕಟ್ಟಿಕೊಂಡರೆ ಅದೂ ಇಲ್ಲ. ಮೇಲೆ ಒಂದು ಚದರ ಕಿಲೋಮೀಟರ್ ಜಾಗದಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ 5 ಕೋಟಿ ಲೀಟರ್ ನೀರು. ಹೊಲವಾಗಿದ್ದರೆ ಅರ್ಧಕ್ಕರ್ಧ ಮಣ್ಣೇ ಕುಡಿಯಬಹುದು. ಕಾಂಕ್ರೀಟ್ ಆದರೆ ಬಹುಪಾಲು ಹರಿದು ಬರುತ್ತದೆ. ಹರಿಯುವ ನೀರನ್ನು ಜಾಸ್ತಿ ಮಾಡಿ, ಹರಿಯುವ ದಾರಿಯನ್ನು ಕಡಿಮೆ ಮಾಡಿದರೆ ಅದು ಮನೆಯೊಳಗೇ ಬರಬೇಕು. ಪೈಪ್ ಬದಲು ಅಗಲವಾದ ಬಾಕ್ಸ್ ಮೋರಿ ಕಟ್ಟಬಹುದಿತ್ತು. ಖರ್ಚು ಜಾಸ್ತಿ, ಆದರೆ ಎಲ್ಲ ಸೈಟಿಗೂ ಹಂಚಿದರೆ ಒಬ್ಬರಿಗೆ ಭಾರ ಅಲ್ಲ.

ಬೋರ್ ನಂಬಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಾಲೆ ಬಯಲಿನಲ್ಲಿ ಇವತ್ತು ಬೋರಿನಲ್ಲಿ ನೀರು ಚೆನ್ನಾಗಿ ಸಿಗುತ್ತದೆ. ಯಾಕೆ? ಸುತ್ತ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ, ನಾಲೆಯಿಂದಲೂ ಬಸಿಯುತ್ತದೆ. ಆ ನೀರೇ ಕೆಳಗೆ ಇಳಿದು ಬೋರಿಗೆ ಬರುವುದು. ಪಕ್ಕದ ಗದ್ದೆಗಳೂ ಒಂದೊಂದಾಗಿ ಲೇಔಟ್ ಆದ ಮೇಲೆ ನೀರು ಇಳಿಯುವ ಜಾಗವೇ ಇಲ್ಲ, ಎಳೆಯುವ ಬೋರ್ ಮಾತ್ರ ಹತ್ತುಪಟ್ಟು. ಸೈಟ್ ಮಾರುವಾಗ ತೋರಿಸಿದ ನೀರು ಮನೆ ತುಂಬಿದ ಮೇಲೆ ಇರುವುದಿಲ್ಲ.

ಮಳೆನೀರು ಹಿಡಿಯಿರಿ, ಖಂಡಿತ ಹಿಡಿಯಿರಿ. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಬಿದ್ದಿದ್ದರಲ್ಲಿ ಶೇ 80 ಹಿಡಿದರೆ 100 ಚದರ ಮೀಟರ್ ತಾರಸಿಯಿಂದ 48 ಸಾವಿರ ಲೀಟರ್ ಸಿಗುತ್ತದೆ. 5 ಜನರ ಮನೆಗೆ ವರ್ಷಕ್ಕೆ ಬೇಕಾಗುವುದು ಸುಮಾರು 2.46 ಲಕ್ಷ ಲೀಟರ್. ಅಂದರೆ ಐದರಲ್ಲಿ ಒಂದು ಪಾಲು. ಪೂರ್ತಿ ಸಾಲದು. ಆದರೆ ಬಳಸಿದ ನೀರನ್ನು ಲೇಔಟಿನಲ್ಲೇ ಶುದ್ಧ ಮಾಡಿ ಶೌಚಾಲಯಕ್ಕೆ, ಗಿಡಕ್ಕೆ ಬಿಟ್ಟರೆ ಹೊಸ ನೀರಿನ ಬೇಡಿಕೆ ಚೆನ್ನಾಗಿ ಇಳಿಯುತ್ತದೆ. ಅದಕ್ಕೆ ಮನೆ ಕಟ್ಟುವಾಗಲೇ ಬೇರೆ ಪೈಪ್ ಹಾಕಬೇಕು. ಆಮೇಲೆ ಗೋಡೆ ಒಡೆಯಲು ಯಾರೂ ಒಪ್ಪುವುದಿಲ್ಲ.

ಉತ್ತರ: ಹೊಸ ಬಡಾವಣೆ ಗೃಹಿಣಿ

ಅಕ್ಕಾ, ಇಂಜಿನಿಯರ್ ಅಣ್ಣ ಬೋರ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ನಾವು ಇಂಥದ್ದೇ ಒಂದು ಲೇಔಟಿನಲ್ಲಿ ಮನೆ ಕಟ್ಟಿದ್ದೇವೆ. ನಾಲ್ಕೈದು ಮನೆ ಇದ್ದಾಗ ನೀರಿಗೆ ಏನೂ ತೊಂದರೆ ಇರಲಿಲ್ಲ. ಮನೆ ಜಾಸ್ತಿ ಆದ ಮೇಲೆ ಒಂದು ಬೋರ್ ಕೈ ಕೊಟ್ಟಿತು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸಿಕೊಂಡೇ ದಿನ ದೂಡಿದೆವು. ಕುಡಿಯುವುದಕ್ಕೆ ಫಿಲ್ಟರ್ ಘಟಕದ ಕ್ಯಾನ್. ಸೈಟ್ ಮಾರಿದವರು ಫೋನ್ ಎತ್ತುವುದಿಲ್ಲ. ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ, ಹಾಗಾಗಿ ಅವರನ್ನು ಕೇಳುವ ಹಾಗೂ ಇಲ್ಲ. ಹಸ್ತಾಂತರ ಆಗಿದೆಯಾ ಅಂತ ಮೊದಲು ಕೇಳಿ. ಕಾಮಗಾರಿ ಮುಗಿದಂತೆಲ್ಲ ಹಂತ ಹಂತವಾಗಿ ಸೈಟ್ ಬಿಡುಗಡೆ ಮಾಡುತ್ತಾರಂತೆ. ನೀವು ನೋಡಿರುವ ಸೈಟ್ ಬಿಡುಗಡೆ ಆದ ಪಟ್ಟಿಯಲ್ಲಿ ಇದೆಯಾ ಅಂತಲೂ ನೋಡಿ.

ಉತ್ತರ: ಕೋಟೆ ಕೆಳಗಿನವನು

ನಾನು ಚಿತ್ರದುರ್ಗದವನು. ನಿಮ್ಮ ಕಡೆ ನಾಲೆಯಾದರೂ ಇದೆ. ನಮ್ಮದು ಒಣ ಸೀಮೆ. ಅದಕ್ಕೇ ಹಿಂದಿನವರು ನೀರಿನ ಜಾಡು ನೋಡಿಯೇ ಊರು ಕಟ್ಟಿದರು. ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನ ಇದೆಯಲ್ಲ, ಅದು ಹೇಳುವುದು ಒಂದು ಕೆರೆಯ ಕೆಲಸದ ಬಗ್ಗೆ. ನಾಲ್ಕನೇ ಶತಮಾನದ್ದು. ಕೋಟೆ ಮೇಲೆ ಹೋದರೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ. ಕೆಳಗೆ ಊರಿಗೆ ಬಂದರೆ ಸಿಹಿನೀರು ಹೊಂಡ, ಸಂತೆಹೊಂಡ. ಬಂಡೆ ಮೇಲೆ ಬಿದ್ದ ಮಳೆ ಒಂದರಲ್ಲಿ ತುಂಬಿ ಇನ್ನೊಂದಕ್ಕೆ ಇಳಿಯುವ ಹಾಗೆ ಮಾಡಿದ್ದರು. ನಡುವಿನ ದಾರಿಯಲ್ಲಿ ಮನೆ ಎದ್ದರೆ ಮೇಲಿನ ಹೊಂಡ ತುಂಬಿದರೂ ಕೆಳಗಿನದಕ್ಕೆ ಬರುವುದು ಚರಂಡಿ ನೀರು ಮಾತ್ರ.

ಟೀಚರ್‌ಗೆ ನಾನು ಹೇಳಬೇಕಿರುವುದು ವಾಣಿವಿಲಾಸ ಸಾಗರದ ವಿಷಯ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಈ ಅಣೆಕಟ್ಟನ್ನು 1898ರಲ್ಲಿ ಕಟ್ಟಲು ಶುರು ಮಾಡಿ 1907ರಲ್ಲಿ ಮುಗಿಸಿದರು. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ. ಒಬ್ಬ ಮನುಷ್ಯನ ಪೂರ್ತಿ ಆಯಸ್ಸು. ಅಷ್ಟು ವರ್ಷ ಕೋಡಿ ನೀರೇ ಬಾರದಿದ್ದರೆ ಆ ಹಳ್ಳದ ದಾರಿ ಎಲ್ಲರ ಕಣ್ಣಿಗೂ ಸುಮ್ನೆ ಬಿದ್ದಿರುವ ಜಾಗದಂತೆ ಕಾಣುತ್ತದೆ. ಉಳುತ್ತಾರೆ, ಬೇಲಿ ಹಾಕುತ್ತಾರೆ, ಕಟ್ಟುತ್ತಾರೆ. 2022ರಲ್ಲಿ ನೀರು ಬಂತು, ಮತ್ತೆ 2025ರ ಜನವರಿಯಲ್ಲೂ ಕೋಡಿ ಬಿತ್ತು. ಹಾಗಾಗಿ ನಿಮ್ಮ ಲೇಔಟಿನವರು "ಈ ಹಳ್ಳದಲ್ಲಿ ನೀರು ಬಂದು ಎಷ್ಟೋ ವರ್ಷ ಆಯಿತು" ಅಂದರೆ ಅದನ್ನು ಸಮಾಧಾನದ ಮಾತು ಅಂತ ತಗೊಳ್ಳಬೇಡಿ. ಆ ಊರಿನ ಹಿರಿಯರನ್ನು ಕೇಳಿ, ದೊಡ್ಡ ಮಳೆ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಜಾಗ ತೋರಿಸುತ್ತಾರೆ.

ಇನ್ನೊಂದು. ಚಿತ್ರದುರ್ಗ ಊರಿಗೆ ಕುಡಿಯುವ ನೀರು ಬರುವುದು ವಾಣಿವಿಲಾಸ ಸಾಗರದಿಂದ ಮತ್ತು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ. ನಿಮ್ಮ ಜಿಲ್ಲೆಯ ಕೆರೆ ನಮ್ಮ ಮನೆ ನಲ್ಲಿಗೆ ಬರುತ್ತದೆ. ಸೂಳೆಕೆರೆಯ ಸುತ್ತ ಒತ್ತುವರಿ ಆದರೆ, ಹೂಳು ತುಂಬಿದರೆ, ಬಿಂದಿಗೆ ಹಿಡಿದು ನಿಲ್ಲುವವರು ನಾವು. ನೀರಿನ ವಿಷಯದಲ್ಲಿ ಒಂದು ಊರಿನವರು ಮಾಡಿದ್ದು ಇನ್ನೊಂದು ಊರಿನವರಿಗೆ ತಟ್ಟುತ್ತದೆ ಅಕ್ಕಾ, ಅದಕ್ಕೇ ಇಷ್ಟು ಉದ್ದ ಬರೆದೆ.

ಮರುಉತ್ತರ: ನಿಟ್ಟುವಳ್ಳಿ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅತ್ತೆ ಅಂತೂ ರೈತರು ಬರೆದಿದ್ದನ್ನು ಎರಡೆರಡು ಸಲ ಓದಿಸಿದರು.

ಸರ್ವೇಯರ್ ಸರ್ ಹೇಳಿದ ಹಾಗೆ ಸರ್ವೆ ನಂಬರ್ ಕೇಳಿ ಪಹಣಿ ತೆಗೆಸಿದೆ. 3ನೇ ಕಾಲಂನಲ್ಲಿ ಬಿ ಖರಾಬು ಇದೆ. ಗ್ರಾಮ ನಕ್ಷೆಯಲ್ಲಿ ಹಳ್ಳವೂ ಇದೆ. ಒಪ್ಪಿಗೆ ಆದ ಲೇಔಟ್ ನಕ್ಷೆಯಲ್ಲೂ ಹಳ್ಳ ಪೂರ್ತಿ ಅಗಲಕ್ಕೆ ಇದೆ, ಪಕ್ಕದಲ್ಲಿ ಖಾಲಿ ಪಟ್ಟಿಯೂ ಇದೆ. ಮಣ್ಣು ಸುರಿದಿರುವುದು ಆ ಪಟ್ಟಿಯ ಮೇಲೂ ಹಳ್ಳದ ಮೇಲೂ. ಅಂದರೆ ನಕ್ಷೆ ಸರಿ, ಕೆಲಸ ತಪ್ಪು. ಹೊಲಗಾಲುವೆ ಬಗ್ಗೆ ಮಾತ್ರ ಲೇಔಟಿನವರ ಹತ್ತಿರ ಒಂದು ಕಾಗದವೂ ಇಲ್ಲ. ನೀರಾವರಿ ನಿಗಮಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದಿಟ್ಟಿದ್ದೇನೆ.

ಒಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸಿದೆ. ನಾವು ಸೈಟ್ ಕೊಳ್ಳುವವರು ವಾಸ್ತು ಕೇಳುತ್ತೇವೆ, ರಸ್ತೆ ಎಷ್ಟಡಿ ಅಂತ ಕೇಳುತ್ತೇವೆ, ಬ್ಯಾಂಕ್ ಸಾಲ ಸಿಗುತ್ತದಾ ಅಂತ ಕೇಳುತ್ತೇವೆ. ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಮಳೆ ನೀರಿನ ದಾರಿ ಯಾವುದು ಅಂತ ದುಡ್ಡು ಕೊಡುವ ಮೊದಲೇ ಎಲ್ಲರೂ ಕೇಳಿದರೆ ಲೇಔಟ್ ಮಾಡುವವರೂ ಉತ್ತರ ಇಟ್ಟುಕೊಂಡೇ ಬರಬೇಕಾಗುತ್ತದೆ. ಮಾರಾಟ ಆಗಿ ಹೋದ ಮೇಲೆ ಕೇಳಿದರೆ ಯಾರಿಗೂ ಅವಸರ ಇರುವುದಿಲ್ಲ. ಅದಕ್ಕೆ ನಾವು ಅಡ್ವಾನ್ಸ್ ಕೊಟ್ಟಿಲ್ಲ. ಹಳ್ಳದ ಮಣ್ಣು ತೆಗೆಯಬೇಕು, ಪೈಪ್ ತೆಗೆದು ಮೋರಿ ಕಟ್ಟಬೇಕು, ಯುಜಿಡಿ ಊರಿನ ಲೈನಿಗೆ ಸೇರಬೇಕು, ಹೊಲಗಾಲುವೆ ಬಿಡಿಸಬೇಕು, ಇಷ್ಟು ಆದರೆ ತಗೊಳ್ಳುತ್ತೇವೆ ಅಂತ ಬರೆದು ಕೊಟ್ಟಿದ್ದೇವೆ. ಅದೇ ಲೇಔಟ್ ನೋಡುತ್ತಿರುವ ಇನ್ನೂ ಕೆಲವು ಮನೆಯವರು ನಮ್ಮ ಜೊತೆ ಸಹಿ ಹಾಕಿದ್ದಾರೆ. ಪ್ರಾಧಿಕಾರಕ್ಕೂ ತಹಶೀಲ್ದಾರ್ ಕಚೇರಿಗೂ ಒಂದೊಂದು ಪ್ರತಿ ಕೊಡಬೇಕು ಅಂತಿದ್ದೇವೆ.

ಸರ್ವೇಯರ್ ಸರ್, ಒಂದು ಕೇಳಬೇಕಿತ್ತು. ಹಳ್ಳದ ಗಡಿ ಗುರುತಿಸಿ ಕಲ್ಲು ಹಾಕಿಸಬೇಕು ಅಂದರೆ ಅರ್ಜಿ ಯಾರ ಹೆಸರಿನಲ್ಲಿ ಕೊಡಬೇಕು? ನಾವಿನ್ನೂ ಅಲ್ಲಿ ಜಾಗದ ಮಾಲೀಕರಲ್ಲವಲ್ಲ.

ಉತ್ತರ: ಸರಪಳಿ ಹಿಡಿದವನು

ಮಾಲೀಕರೇ ಆಗಬೇಕಿಲ್ಲ ಮೇಡಂ. ನಿಮ್ಮ ಸ್ವಂತ ಜಮೀನು ಅಳತೆ ಮಾಡಿಸಲು ಹದ್ದುಬಸ್ತಿನ ಅರ್ಜಿ ಹಾಕುವಾಗ ಮಾಲೀಕರು ಬೇಕು. ಹಳ್ಳ ಸರ್ಕಾರದ್ದು, ಅದಕ್ಕೆ ಸಾರ್ವಜನಿಕರು ಯಾರು ಬೇಕಾದರೂ ಒತ್ತುವರಿ ದೂರು ಕೊಡಬಹುದು. ತಹಶೀಲ್ದಾರರಿಗೆ ಬರೆಯಿರಿ. ಸರ್ವೆ ನಂಬರ್, ಗ್ರಾಮ ನಕ್ಷೆ ಪ್ರತಿ, ಒಪ್ಪಿಗೆ ಆದ ಲೇಔಟ್ ನಕ್ಷೆ ಪ್ರತಿ, ಈಗಿನ ಫೋಟೊ, ಎಲ್ಲ ಸೇರಿಸಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಆ ಕೆಳಗಿನ ಗದ್ದೆಯ ರೈತರಲ್ಲಿ ಯಾರಾದರೂ ಜೊತೆಗೆ ಸಹಿ ಹಾಕಿದರೆ ಇನ್ನೂ ಗಟ್ಟಿ, ಅವರಿಗೆ ನೇರ ತೊಂದರೆ ಆಗಿದೆ. ಅಳತೆಗೆ ಸರ್ವೇಯರ್ ಬರುವ ದಿನ ತಪ್ಪದೆ ಅಲ್ಲಿರಿ. ಕಲ್ಲು ಎಲ್ಲಿ ನೆಟ್ಟರು ಅಂತ ಅಲ್ಲೇ ನಿಂತು ಫೋಟೊ ತೆಗೆಯಿರಿ. ಮಳೆಗಾಲ ಶುರುವಾಗುವ ಮೊದಲೇ ಮಾಡಿಸಿ, ಆಮೇಲೆ ಹಳ್ಳದೊಳಗೆ ಇಳಿದು ಅಳೆಯುವುದು ಕಷ್ಟ.